ಕೇಂದ್ರದ ಕಾಯ್ದೆ ಬದಲಾಗಿದೆ, ನಮ್ಮ ಹೊನ್ನೆ ಮರ ಕಡಿಯಬಹುದೇ?

ಪ್ರಶ್ನೆ: ತೀರ್ಥಹಳ್ಳಿ ಸಮೀಪ ನಮಗೆ ನಾಲ್ಕು ಎಕರೆ ಕಾಡುಜಾಗವಿದೆ. ಪಹಣಿ ನಮ್ಮ ಹೆಸರಿನಲ್ಲೇ ಇದೆ. ಡೀಮ್ಡ್ ಫಾರೆಸ್ಟ್ (ಅಧಿಸೂಚನೆಯಾಗದಿದ್ದರೂ ಅರಣ್ಯವೆಂದು ಪರಿಗಣಿಸಿದ ಜಾಗ) ಪಟ್ಟಿಯಲ್ಲಿದ್ದ ಈ ಜಾಗವನ್ನು 2022ರಲ್ಲಿ ಕೈಬಿಟ್ಟರು. ‘ಕೇಂದ್ರದ ಕಾಯ್ದೆಯೂ ಬದಲಾಗಿದೆ, ಇನ್ನು ಯಾರ ಅನುಮತಿಯೂ ಬೇಡ’ ಎಂದು ನಾಟಾ ವ್ಯಾಪಾರಿಯೊಬ್ಬರು ಹೇಳುತ್ತಿದ್ದಾರೆ. ಹೊನ್ನೆ, ನಂದಿ ಮರಗಳನ್ನು ಕಡಿಸಬಹುದೇ?

ಉತ್ತರ: ವ್ಯಾಪಾರಿ ಹೇಳಿದ್ದು ಅರ್ಧ ಸತ್ಯ. ಉಳಿದರ್ಧಕ್ಕೆ ಕೇಸು ಬೀಳುವುದು ನಿಮ್ಮ ಮೇಲೆ.

1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ 2023ರ ಡಿಸೆಂಬರ್ 1ರಂದು ಜಾರಿಗೆ ಬಂತು. ಅರಣ್ಯವೆಂದು ಅಧಿಸೂಚನೆಯಾದ ಜಾಗ, ಇಲ್ಲವೇ 1980ರ ಅಕ್ಟೋಬರ್ 25ರಂದು ಅಥವಾ ಆನಂತರ ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ನಮೂದಾದ ಜಾಗಕ್ಕಷ್ಟೇ ಕಾಯ್ದೆ ಅನ್ವಯ ಎನ್ನುತ್ತದೆ ಅದು. ಮೊದಲು ಹೀಗಿರಲಿಲ್ಲ. ಮಾಲೀಕರು ಯಾರೇ ಇರಲಿ, ನಿಘಂಟಿನ ಅರ್ಥಕ್ಕೆ ಕಾಡು ಎನಿಸಿದರೆ ಅದು ಅರಣ್ಯವೇ ಎಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಹೇಳಿತ್ತು. ಡೀಮ್ಡ್ ಫಾರೆಸ್ಟ್ ಪಟ್ಟಿಗಳು ಹುಟ್ಟಿದ್ದೇ ಅಲ್ಲಿಂದ. ನಮ್ಮ ರಾಜ್ಯದ ಪಟ್ಟಿ ಒಮ್ಮೆ 9.94 ಲಕ್ಷ ಹೆಕ್ಟೇರ್ ಮುಟ್ಟಿ, 2022ರಲ್ಲಿ ಸುಮಾರು 3.30 ಲಕ್ಷಕ್ಕೆ ಇಳಿಯಿತು. ಮಲೆನಾಡಿನಲ್ಲಿ ಅಂದು ನಿಟ್ಟುಸಿರು ಬಿಟ್ಟವರಲ್ಲಿ ನೀವೂ ಇದ್ದಿರಬೇಕು.

ಆದರೆ ತಿದ್ದುಪಡಿಯನ್ನು ಪ್ರಶ್ನಿಸಿದ ಅರ್ಜಿಗಳ ಮೇಲೆ 2024ರ ಫೆಬ್ರುವರಿ 19ರಂದು ಮಧ್ಯಂತರ ಆದೇಶ ನೀಡಿದ ಸುಪ್ರೀಂ ಕೋರ್ಟ್, ರಾಜ್ಯಗಳು ಅರಣ್ಯದ ಕ್ರೋಡೀಕೃತ ದಾಖಲೆ (ಎಲ್ಲ ಬಗೆಯ ಅರಣ್ಯಜಾಗಗಳ ಒಟ್ಟು ಪಟ್ಟಿ) ಮುಗಿಸುವ ತನಕ 1996ರ ವ್ಯಾಖ್ಯೆಯನ್ನೇ ಪಾಲಿಸಿ ಎಂದಿತು. ಪಟ್ಟಿಯಿಂದ ಹೊರಬಂದದ್ದೇ ಕೊನೆಯ ಮಾತು ಎಂದು ನಂಬಿ ಕೂರಬೇಡಿ.

ವ್ಯಾಪಾರಿ ಜಾಣತನದಿಂದ ಮರೆಸಿದ ಸಂಗತಿ ಇನ್ನೊಂದಿದೆ. ಕೇಂದ್ರದ ಕಾಯ್ದೆ ಮುಖ್ಯವಾಗಿ ನೋಡುವುದು ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸುವುದನ್ನು. ನಿಮ್ಮ ಹೊನ್ನೆಗೆ ಕೊಡಲಿ ಹಾಕಬಹುದೇ ಎಂಬುದನ್ನು ತೀರ್ಮಾನಿಸುವುದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಅದರ 8ನೇ ಸೆಕ್ಷನ್ ಪ್ರಕಾರ ಸ್ವಂತ ಜಮೀನಿನ ಮರಕ್ಕೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಲಿಖಿತ ಅನುಮತಿ ಬೇಕು. ತೆಂಗು, ರಬ್ಬರ್, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಉಂಟು, ಹೊನ್ನೆಗಿಲ್ಲ. ದೆಹಲಿಯ ತಿದ್ದುಪಡಿ ಇದರ ಒಂದಕ್ಷರವನ್ನೂ ಮುಟ್ಟಿಲ್ಲ.

ಮೊದಲು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ನಿಮ್ಮ ಸರ್ವೆ ನಂಬರ್ ಕರ್ನಾಟಕ ಅರಣ್ಯ ಕಾಯ್ದೆಯ ಯಾವುದಾದರೂ ಸೆಕ್ಷನ್ 4 ಅಧಿಸೂಚನೆಯಲ್ಲಿ (ಮೀಸಲು ಅರಣ್ಯ ಮಾಡುವ ಉದ್ದೇಶ ಸಾರುವ ಮೊದಲ ಹಂತದ ಘೋಷಣೆ) ಸೇರಿದೆಯೇ ಎಂದು ಲಿಖಿತವಾಗಿ ಕೇಳಿ. ಮಲೆನಾಡಿನಲ್ಲಿ ಹಳೆಯ ಅಧಿಸೂಚನೆಗಳು ಅಂತಿಮಗೊಳ್ಳದೆ ದಶಕಗಟ್ಟಲೆ ಉಳಿದುಬಿಟ್ಟಿವೆ. ಇಲ್ಲವೆಂಬ ಉತ್ತರ ಕೈಗೆ ಬಂದ ಮೇಲೆ ಪಹಣಿ, ಸರ್ವೆ ನಕ್ಷೆಯೊಂದಿಗೆ ಕಡಿತಲೆಗೆ ಅರ್ಜಿ ಹಾಕಿ. ಅನುಮತಿ ಸಿಗುವ ಮೊದಲು ವ್ಯಾಪಾರಿಯಿಂದ ಮುಂಗಡ ಪಡೆಯಬೇಡಿ.