ಯುದ್ಧದ ಕಥೆ ಯುದ್ಧವನ್ನು ವಿರೋಧಿಸಬಲ್ಲುದೇ?

ಯುದ್ಧವನ್ನು ಕುರಿತ ಕಾದಂಬರಿ ಯುದ್ಧವಿರೋಧಿಯಾಗಲು ಸಾಧ್ಯವೇ, ಅಥವಾ ಓದುಗನಲ್ಲಿ ಕೆಚ್ಚನ್ನೇ ತುಂಬುತ್ತದೆಯೇ ಎಂದು ಕೇಳಿದ್ದೀರಿ. ಅದು ಕಥೆ ಎಲ್ಲಿ ನಿಂತು ನೋಡುತ್ತದೆ ಎಂಬುದನ್ನು ಅವಲಂಬಿಸಿದೆ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವು ಕಾಳಗದಲ್ಲಿ ಪರಾಕ್ರಮ ತೋರಿದವನಿಗೆ ‘ಬಾಳ್ಗಳ್ಚು’, ಎಂದರೆ ಕತ್ತಿ ತೊಳೆದುದಕ್ಕೆ ಸಂದ ದತ್ತಿ, ದೊರೆತುದನ್ನು ಹೇಳುತ್ತದೆ. ತೊಳೆದುಹೋದ ರಕ್ತ ಯಾರದೆಂಬುದು ಅದಕ್ಕೆ ಬೇಕಿಲ್ಲ. ರನ್ನನ ‘ಗದಾಯುದ್ಧ’ಕ್ಕೆ ಬೇಕು. ಹೆಣಗಳ ನಡುವೆ ನಡೆದು ಬರುವ ದುರ್ಯೋಧನನು ಮಗ ಲಕ್ಷಣಕುಮಾರನ ಶವದೆದುರು ನಿಂತು, ತಂದೆಗೆ ಮಗ ತರ್ಪಣ ಕೊಡುವುದು ಉಚಿತವಾಗಿರಲು ನಾನೇ ನಿನಗೆ ಕೊಡುವಂತಾಯಿತು, ಕ್ರಮವನ್ನು ತಲೆಕೆಳಗು ಮಾಡಿದೆಯಲ್ಲ ಎಂದು ಅಳುತ್ತಾನೆ. ಆದರೂ ಈ ಕಾವ್ಯವನ್ನು ಯುದ್ಧವಿರೋಧಿ ಎನ್ನಲು ನಾನು ಹಿಂಜರಿಯುತ್ತೇನೆ: ‘ಸಾಹಸಭೀಮವಿಜಯ’ ಎಂಬುದು ಅದರ ಇನ್ನೊಂದು ಹೆಸರು, ಮತ್ತು ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಹೊಗಳುವುದು ಕವಿಯ ಘೋಷಿತ ಉದ್ದೇಶ. ಉದ್ದೇಶವನ್ನು ಮೀರಿ ಆ ಶೋಕ ಉಳಿದುಕೊಂಡಿದೆ ಎಂದಷ್ಟೇ ಹೇಳಬಲ್ಲೆ. ಹಾಸನದ ಸುತ್ತಲಿನ ಹಳ್ಳಿಗಳ ಕುರುಕ್ಷೇತ್ರ ನಾಟಕಗಳಲ್ಲಿಯೂ (ನಾನು ಕಂಡಂತೆ) ಗದೆ ಎತ್ತಿದಾಗ ಶಿಳ್ಳೆ ಬೀಳುತ್ತದೆ, ಅಭಿಮನ್ಯು ಬಿದ್ದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಎರಡೂ ಒಂದೇ ರಾತ್ರಿ, ಒಂದೇ ಚಪ್ಪರದಡಿ.