ಹಳೆಯ ಕಾಮಿಕ್ಸ್‌ಗಳ ಬೆನ್ನಿಗೆ ಸೆಲ್ಲೋ ಟೇಪ್ ಬೇಡ, ದಾರ ಸಾಕು

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಒಂದು ಕಟ್ಟು ಕನ್ನಡ ಅಮರ ಚಿತ್ರಕಥೆಗಳೂ ಕೆಲವು ಇಂದ್ರಜಾಲ ಕಾಮಿಕ್ಸ್‌ಗಳೂ ನಿಮಗೆ ಸಿಕ್ಕಿರುವುದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಬೆನ್ನು ಬಿಟ್ಟ ಪ್ರತಿಗಳಿಗೆ ಅಗಲದ ಸೆಲ್ಲೋ ಟೇಪ್ ಹಚ್ಚಿ, ಅನಂತರ ಐದಾರನ್ನು ಸೇರಿಸಿ ಬೈಂಡ್ ಮಾಡಿಸುತ್ತೇನೆಂದು ಬರೆದಿದ್ದೀರಿ. ದಯವಿಟ್ಟು ಎರಡನ್ನೂ ಮಾಡಬೇಡಿ. ಸಂಗ್ರಹದ ಆರಂಭದಲ್ಲಿ ನಾನೂ ಟೇಪನ್ನೇ ನಂಬಿದ್ದೆ, ಆ ಪ್ರತಿಗಳನ್ನು ಇಂದಿಗೂ ಸರಿಪಡಿಸಲಾಗಿಲ್ಲ. ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಪಟ್ಟಿ ಒಣಗಿ ತಾನಾಗಿಯೇ ಕಳಚಿ ಬೀಳುತ್ತದೆ. ಅಂಟು ಮಾತ್ರ ಕಾಗದದ ನಾರಿನೊಳಗೆ ಇಳಿದು ಕಂದು ಕಲೆಯಾಗಿ ನಿಲ್ಲುತ್ತದೆ ಮತ್ತು ಎದುರಿನ ಪುಟಕ್ಕೂ ಹತ್ತಿಕೊಳ್ಳುತ್ತದೆ. ಮ್ಯಾಜಿಕ್ ಟೇಪ್ ಹಳದಿಯಾಗುವುದು ನಿಧಾನವೆಂಬುದು ನಿಜವಾದರೂ, ತೆಗೆಯಬೇಕೆಂದಾಗ ಅದೂ ಮುದ್ರಣದ ಪದರವನ್ನು ಕಿತ್ತುಕೊಂಡೇ ಬರುತ್ತದೆ.

ನೀವು ಹಾಕಿರುವ ಚಿತ್ರಗಳಲ್ಲಿ ಬೆನ್ನು ಬಿಟ್ಟಿರುವುದಕ್ಕೆ ಕಾರಣ ಕಾಗದವಲ್ಲ, ಪಿನ್ನು. ಮಳೆಗಾಲದ ತೇವಕ್ಕೆ ಕಬ್ಬಿಣದ ಪಿನ್ನು ತುಕ್ಕು ಹಿಡಿದು, ಆ ತುಕ್ಕು ಸುತ್ತಲಿನ ಕಾಗದವನ್ನು ತಿಂದು, ರಟ್ಟು ಮೊದಲು ಕಳಚುತ್ತದೆ. ಅದರ ಮೇಲೆ ಟೇಪ್ ಹಚ್ಚಿದರೆ ತುಕ್ಕು ಒಳಗೇ ಉಳಿದು ತನ್ನ ಕೆಲಸ ಮುಂದುವರಿಸುತ್ತದೆ. ಆದ್ದರಿಂದ ನಡುಪುಟವನ್ನು ತೆರೆದು, ಪಿನ್ನಿನ ಮಡಿಚಿದ ಎರಡು ಕಾಲುಗಳನ್ನು ಮೊಂಡಾದ ತೆಳು ಚಾಕುವಿನ ತುದಿಯಿಂದ ನಿಧಾನವಾಗಿ ಎತ್ತಿ ನೇರ ಮಾಡಿ. ಚಾಕುವಿಗೂ ಕಾಗದಕ್ಕೂ ನಡುವೆ ಒಂದು ತುಂಡು ಗಟ್ಟಿ ಪ್ಲಾಸ್ಟಿಕ್ ಹಾಳೆ ಇರಲಿ. ಆಮೇಲೆ ಪುಸ್ತಕವನ್ನು ತಿರುಗಿಸಿ ಚಿಮಟದಿಂದ ಪಿನ್ನನ್ನು ಹೊರಕ್ಕೆ ಎಳೆಯಿರಿ. ಕಚೇರಿಯ ಪಿನ್ ರಿಮೂವರನ್ನು ಹತ್ತಿರವೂ ತರಬೇಡಿ, ಏಕೆಂದರೆ ಅದು ಹೊರಗಿನಿಂದ ಎತ್ತುವಾಗ ರಟ್ಟನ್ನು ಸೀಳಿಬಿಡುತ್ತದೆ. ತುಕ್ಕಿನ ಪುಡಿಯನ್ನು ಒಣ ಕುಂಚದಿಂದ ಗುಡಿಸಬೇಕೇ ಹೊರತು ಒದ್ದೆ ಬಟ್ಟೆಯಿಂದ ಒರೆಸಬಾರದು.

ಮತ್ತೆ ಪಿನ್ನು ಹೊಡೆಯುವ ಅಗತ್ಯವಿಲ್ಲ. ಬಣ್ಣ ಹಾಕದ ಹತ್ತಿದಾರವನ್ನು ಹಳೆಯ ರಂಧ್ರಗಳಲ್ಲೇ ಪೋಣಿಸಿ: ನಡುಪುಟದ ಒಳಗಿನಿಂದ ಮೇಲಿನ ರಂಧ್ರದ ಮೂಲಕ ಹೊರಬಂದು, ಬೆನ್ನಿನುದ್ದಕ್ಕೂ ಇಳಿದು, ಕೆಳಗಿನ ರಂಧ್ರದಿಂದ ಒಳಹೊಕ್ಕು, ಒಳಗೇ ಗಂಟು ಬೀಳಲಿ. ದಾರವನ್ನು ಬಿಗಿಯಾಗಿ ಎಳೆದರೆ ಅದೇ ಕಾಗದವನ್ನು ಕೊಯ್ಯುತ್ತದೆ. ಹಾಳೆಗಳು ಅಲುಗದಷ್ಟು ಬಿಗಿ ಸಾಕು. ರಂಧ್ರದ ಸುತ್ತಲಿನ ಕಾಗದ ಪುಡಿಯಾಗಿದ್ದರೆ ಮೊದಲು ಮಡಿಕೆಗೆ ಜಪಾನಿ ಟಿಶ್ಯೂ ಎಂಬ, ಉದ್ದ ನಾರಿನ ತೆಳು ಕಾಗದದ ಪಟ್ಟಿಯನ್ನು ಅಂಟಿಸಿ, ಅದು ಒಣಗಿದ ಮೇಲೆ ಹೊಲಿಯಬೇಕು. ಅಂಟಿಗೆ ಫೆವಿಕಾಲ್ ಬಳಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅದು ಮರಕ್ಕೆ ಒಳ್ಳೆಯ ಅಂಟು, ಆದರೆ ಕಾಗದದ ಮೇಲೆ ಒಮ್ಮೆ ಒಣಗಿತೆಂದರೆ ನೀರಿನಿಂದ ಬಿಡಿಸಲಾಗುವುದಿಲ್ಲ. ಮೈದಾ ಅಂಟನ್ನೂ ನಾನು ಒಪ್ಪುವುದಿಲ್ಲ, ಬೆಳ್ಳಿಮೀನಿನ ಹುಳುಗಳು ಅದನ್ನು ಹುಡುಕಿಕೊಂಡು ಬರುತ್ತವೆ. ಅವುಗಳ ಬದಲು ಗೋಧಿ ಹಾಲಿನ ಅಂಟು ಮಾಡಿಕೊಳ್ಳಿ: ಹಲ್ವಕ್ಕೆ ತೆಗೆಯುವಂತೆ ಗೋಧಿಯನ್ನು ನೆನೆಸಿ, ರುಬ್ಬಿ, ಸೋಸಿ, ತಳದಲ್ಲಿ ನಿಂತ ಹಾಲನ್ನು ಮಾತ್ರ ಪಾರದರ್ಶಕವಾಗುವವರೆಗೆ ಕಾಯಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಸೋಸಿಕೊಳ್ಳಿ. ಪೂರ್ತಿ ಒಣಗುವ ತನಕ ಪುಟವನ್ನು ಬಿಳಿ ಬ್ಲಾಟಿಂಗ್ ಕಾಗದದ ನಡುವೆ ಭಾರದ ಅಡಿಯಲ್ಲಿಡಿ. ಮೊದಲು ಬೆಲೆಯಿಲ್ಲದ ಹಳೆಯ ವಾರಪತ್ರಿಕೆಯೊಂದರ ಮೇಲೆ ಕೈ ಪಳಗಿಸಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಿರಿ.

ಇನ್ನು ಬೈಂಡಿಂಗ್. ಬೈಂಡರು ಮೂರೂ ಅಂಚುಗಳನ್ನು ಕತ್ತರಿಸುತ್ತಾರೆ, ಪಕ್ಕದಿಂದ ಹೊಲಿಯುತ್ತಾರೆ. ಒಳ ಅಂಚಿನ ಚೌಕಗಳಲ್ಲಿರುವ ಮಾತುಗಳು ಹೊಲಿಗೆಯೊಳಗೆ ಮುಚ್ಚಿಹೋಗುತ್ತವೆ, ಕೆಲವೊಮ್ಮೆ ರಟ್ಟುಗಳೇ ಮಾಯವಾಗುತ್ತವೆ. ಸರಣಿ ಸಂಖ್ಯೆ, ಬೆಲೆ, ಹಿಂದಿನ ಪಟ್ಟಿ ಎಲ್ಲವೂ ಇರುವುದು ಆ ರಟ್ಟಿನಲ್ಲಿಯೇ. ಅಮರ ಚಿತ್ರಕಥೆಯ ‘ಕೃಷ್ಣ’ದ ಹಳೆಯ ಪ್ರತಿಯ ಮೇಲೆ 11 ಎಂದಿದ್ದರೆ, ಮರುಸಂಖ್ಯೆ ಪಡೆದ ಮುದ್ರಣಗಳಲ್ಲಿ ಅದು 501; ರಟ್ಟು ಹೋದರೆ ಯಾವುದು ಯಾವ ಕಾಲದ್ದೆಂದು ಹೇಳುವುದೇ ಕಷ್ಟ. ಆ ಸರಣಿಯ ಮೊದಲ 10 ಸಂಖ್ಯೆಗಳು ಸಿಂಡ್ರೆಲಾ, ಪಿನೋಕಿಯೋದಂಥ ಪಾಶ್ಚಾತ್ಯ ಕಥೆಗಳಿಗೆ ಸಂದವು, ಅವು ಬಂದದ್ದು ಕನ್ನಡದಲ್ಲಿ. ಅವುಗಳಲ್ಲಿ ಒಂದಾದರೂ ನಿಮ್ಮ ಕಟ್ಟಿನಲ್ಲಿದ್ದರೆ ದಾರವನ್ನೂ ಹಾಕದೆ ಹಾಗೆಯೇ ಎತ್ತಿಡಿ, ಅನುಭವಿ ಸಂರಕ್ಷಕರಿಗೆ ತೋರಿಸಿ. ಹಳೆಯ ಮಾಲೀಕರ ಹೆಸರು, ಬಾಡಿಗೆ ಗ್ರಂಥಾಲಯದ ಮೊಹರು, ಬೆಲೆಯ ಚೀಟಿ ಯಾವುದನ್ನೂ ಅಳಿಸಬೇಡಿ.

ಇಂದ್ರಜಾಲ 1964ರಿಂದ 1990ರವರೆಗೆ ಬಂದಿತು, ಹಾಗಾಗಿ ಅದರ ತೀರ ಈಚಿನ ಪ್ರತಿಗೂ ಮೂರು ದಶಕ ಮೀರಿದೆ. ಅಗ್ಗದ ಕಾಗದದಲ್ಲಿ ಉಳಿದಿರುವ, ಮರದ ಅಂಶವಾದ ಲಿಗ್ನಿನ್ ಬೆಳಕಿಗೆ ಹಳದಿಯಾಗುತ್ತದೆ, ಆದ್ದರಿಂದ ವಾಸನೆ ಹೋಗಲೆಂದು ಬಿಸಿಲಿಗೆ ಹರವಬೇಡಿ. ನೆರಳಿನಲ್ಲಿ, ಫ್ಯಾನಿನ ಗಾಳಿಯಲ್ಲಿ ಬಿಡಿಸಿಟ್ಟರೆ ಸಾಕು. ಮೆತ್ತಗೆ ಅಂಟಂಟಾಗಿರುವ ಪಿವಿಸಿ ಕವರುಗಳು ಆಮ್ಲ ಬಿಡುತ್ತವೆ, ಶಾಯಿಯನ್ನೂ ಎಳೆದುಕೊಳ್ಳುತ್ತವೆ. ಪಾಲಿಪ್ರೊಪಿಲೀನ್ ಕವರು ಅಗ್ಗವಾಗಿಯೇ ಸಿಗುತ್ತದೆ, ಹಣವಿದ್ದರೆ ಮೈಲಾರ್ (ಪಾಲಿಯೆಸ್ಟರ್ ಹಾಳೆಯ) ಕವರು ಉತ್ತಮ. ನಿಮ್ಮ ಬರಹಕ್ಕೆ ಇಲ್ಲಿ ಲ್ಯಾಮಿನೇಶನ್ ಸಲಹೆ ಕೊಟ್ಟವರು ದಯವಿಟ್ಟು ಅದನ್ನು ಹಿಂತೆಗೆದುಕೊಳ್ಳಲಿ, ಬಿಸಿಯಲ್ಲಿ ಅಂಟಿಸಿದ ಹಾಳೆಯನ್ನು ಮರಳಿ ಬಿಡಿಸುವ ದಾರಿಯಿಲ್ಲ. ನುಸಿಗುಳಿಗೆಯನ್ನು ಕವರಿನೊಳಗೆ ಹಾಕಬೇಡಿ. ಮಲೆನಾಡು, ಕರಾವಳಿಯವರು ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು, ತೇವ ಶೇ. 60 ಮೀರದಂತೆ ಒಂದು ಸಣ್ಣ ಮಾಪಕದಿಂದ ನೋಡಿಕೊಳ್ಳುವುದು ಒಳ್ಳೆಯದು. ಜೆಲ್ಲಿನ ಬಣ್ಣ ಬದಲಾದಾಗ ಕಾಯಿಸಿ ಮರಳಿ ಬಳಸಬಹುದು.

ಪಿನ್ನು ತೆಗೆಯುವ ಮುನ್ನ ಪ್ರತಿಯೊಂದರ ನಡುಪುಟದ ಚಿತ್ರ ತೆಗೆದು ಇಲ್ಲಿ ಹಾಕಿ. ಯಾವುದಕ್ಕೆ ಟಿಶ್ಯೂ ಬೇಕು, ಯಾವುದಕ್ಕೆ ಬರೀ ದಾರ ಸಾಕು ಎಂದು ನೋಡಿ ಹೇಳುತ್ತೇನೆ.