ದುಃಖ ಅಂದ ತಕ್ಷಣ ಕೊಳಲೇ ಯಾಕೆ?

ಪ್ರಶ್ನೆ: ಕೀಬೋರ್ಡ್ ನುಡಿಸುತ್ತೇನೆ, ಹಾಡುಗಳಿಗೆ ಟ್ಯೂನ್ ಹಾಕಿದ್ದೇನೆ. ಈಗ ಸಿನಿಮಾ ದೃಶ್ಯಗಳಿಗೆ ಹಿನ್ನೆಲೆ ಸಂಗೀತ ಮಾಡೋದನ್ನು ಕಲಿಯುತ್ತಿದ್ದೇನೆ. ಆದರೆ ದುಃಖಕ್ಕೆ ಕೊಳಲು, ಭಯಕ್ಕೆ ಡ್ರಮ್ಸ್, ಖುಷಿಗೆ ಗಿಟಾರ್, ಇಷ್ಟರಲ್ಲೇ ಸುತ್ತುತ್ತಿದ್ದೇನೆ. ಬೇರೆ ಬೇರೆ ಭಾವಗಳಿಗೆ ಸಂಗೀತ ಹಾಕೋದನ್ನು ಹೇಗೆ ಕಲಿಯಲಿ?

ಉತ್ತರ: ಅಳುವ ಮುಖ ಪರದೆ ಮೇಲೆ ಕಾಣುತ್ತಲೇ ಇರುತ್ತದೆ. ಸಂಗೀತವೂ ಅದನ್ನೇ ಹೇಳಬೇಕಾ? ಮೊದಲು ದೃಶ್ಯ ಯಾರ ಮನಸ್ಸಿನಿಂದ ನಡೀತಿದೆ ಅಂತ ನೋಡಿ. ಮಗ ಮನೆ ಬಿಟ್ಟು ಹೊರಟಿದ್ದಾನೆ, ತಾಯಿ ಬಾಗಿಲಲ್ಲಿ ನಿಂತಿದ್ದಾಳೆ ಅಂದ್ಕೊಳ್ಳಿ. ತಾಯಿಯ ಕಡೆಯಿಂದ ಮಾಡಿದರೆ ಚೆಲ್ಲೋದಲ್ಲಿ (ತಗ್ಗು ಸ್ವರದ ದೊಡ್ಡ ವಯೊಲಿನ್‌ನಂಥ ವಾದ್ಯ) ಒಂದು ಉದ್ದ ಸ್ವರ ಸಾಕಾಗಬಹುದು. ಮಗನ ಕಡೆಯಿಂದಾದರೆ ಲಯ ಬೇಕು, ಅವನಿಗೆ ಹೋಗುವ ಆತುರ ಇದೆಯಲ್ಲ. ಎರಡರಲ್ಲಿ ಯಾವುದು ಅನ್ನೋದು ಗೊತ್ತಾಗದೆ ಕೀಬೋರ್ಡ್ ಮುಟ್ಟಬೇಡಿ.

ವಾದ್ಯಕ್ಕೆ ಒಂದೇ ಭಾವ ಅಂತ ಅಂಟಿಸಲೂಬೇಡಿ. 1960ರ ಭಯದ ಸಿನಿಮಾ ‘ಸೈಕೋ’ಗೆ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಬಳಸಿದ್ದು ಬರೀ ತಂತಿವಾದ್ಯಗಳನ್ನು. ಡ್ರಮ್ಸ್ ಇಲ್ಲವೇ ಇಲ್ಲ, ಆದರೂ ಅದು ಇವತ್ತಿಗೂ ಹೆದರಿಸುತ್ತದೆ, ಅದೂ ನಾವು ಪ್ರೇಮದ ದೃಶ್ಯಕ್ಕೆ ಅಂತ ಎತ್ತಿಟ್ಟ ವಯೊಲಿನ್ನಿನಿಂದ.

ಅಭ್ಯಾಸಕ್ಕೆ ಒಂದು ಚಿಕ್ಕ ದೃಶ್ಯ ತೆಗೆದುಕೊಂಡು ಸೌಂಡ್ ಪೂರ್ತಿ ಆಫ್ ಮಾಡಿ. ಮೂಲ ಸಂಗೀತ ಕೇಳಲೇಬೇಡಿ, ಒಮ್ಮೆ ಕಿವಿಗೆ ಬಿದ್ದರೆ ಬೇರೆಯದು ಹೊಳೆಯೋದು ಕಷ್ಟ. ನೋಟ ತಿರುಗಿದ್ದು, ಬಾಗಿಲು ತೆರೆದದ್ದು, ಶಾಟ್ ಬದಲಾದದ್ದು, ಎಲ್ಲದರ ಸಮಯ ಬರೆದುಕೊಳ್ಳಿ. ದೃಶ್ಯ 42 ಸೆಕೆಂಡ್ ಇದೆ, 18ನೇ ಸೆಕೆಂಡಿಗೆ ಬಾಗಿಲು ತೆರೆಯುತ್ತದೆ ಅಂತಿಟ್ಟುಕೊಳ್ಳಿ. ಟೆಂಪೋ, ಅಂದರೆ ವೇಗ, ನಿಮಿಷಕ್ಕೆ 80 ಬೀಟ್ ಇಟ್ಟರೆ ಒಂದು ಬೀಟಿಗೆ ಮುಕ್ಕಾಲು ಸೆಕೆಂಡ್. 18 ಸೆಕೆಂಡಿಗೆ 24 ಬೀಟ್, ನಾಲ್ಕು ಬೀಟಿನ ಗುಂಪಿಗೆ ಒಂದು ಬಾರ್ ಅಂತ ಲೆಕ್ಕ, ಅಂದರೆ ಆರು ಬಾರ್ ಮುಗಿದು ಏಳನೆಯದು ಶುರುವಾಗುವಾಗ ಸರಿಯಾಗಿ ಬಾಗಿಲು ತೆರೆಯುತ್ತದೆ. ಇಡೀ ದೃಶ್ಯ 14 ಬಾರ್‌ಗಳಲ್ಲಿ ಮುಗಿಯುತ್ತದೆ. ಅದೇ 84 ಇಟ್ಟರೆ ಬಾಗಿಲು 25ನೇ ಬೀಟ್ ದಾಟಿದ ಮೇಲೆ ಎಲ್ಲೋ ಬೀಳುತ್ತದೆ, ನೋಡುವವರಿಗೆ ಕಾರಣ ತಿಳಿಯದಿದ್ದರೂ ಏನೋ ತಪ್ಪಿದೆ ಅನ್ನಿಸುತ್ತದೆ. ಹಾಗಂತ ಪ್ರತಿ ಶಾಟ್ ಬದಲಾದಾಗಲೂ ಬೀಟ್ ಹೊಡೆಯಬೇಡಿ, ಕಾರ್ಟೂನ್ ಆಗಿಬಿಡುತ್ತೆ. ಒಂದು ದೃಶ್ಯಕ್ಕೆ ಒಂದೋ ಎರಡೋ ಜಾಗ ಸಾಕು.

ಇನ್ನೊಂದು ಅಭ್ಯಾಸ ನನಗೆ ತುಂಬಾ ಇಷ್ಟ. ನಿಮ್ಮದೇ ಒಂದು ಟ್ಯೂನನ್ನು ಶಂಕರಾಭರಣ ರಾಗದ ಸ್ವರಗಳಲ್ಲಿ ನುಡಿಸಿ, ಆಮೇಲೆ ಗಾಂಧಾರ (‘ಗ’ ಸ್ವರ) ಒಂದನ್ನೇ ಅಂತರದಿಂದ ಸಾಧಾರಣಕ್ಕೆ, ಅಂದರೆ ಕೀಬೋರ್ಡಿನಲ್ಲಿ ಒಂದು ಕೀ ಕೆಳಕ್ಕೆ, ಇಳಿಸಿ. ಗೌರಿಮನೋಹರಿ ರಾಗದ ಸ್ವರಗಳಾದವು, ಬೆಳಕೇ ಬದಲಾಯಿತು, ಅಲ್ವಾ? ಈಗ ವೇಗ ಅರ್ಧ ಮಾಡಿ. ಆಮೇಲೆ ಒಂದು ಸ್ಥಾಯಿ (ಆಕ್ಟೇವ್) ಕೆಳಗೆ ಒಯ್ಯಿರಿ. ಕೊನೆಗೆ ಟ್ಯೂನೇ ತೆಗೆದು ಅದರ ಮೊದಲ ಎರಡು ಸ್ವರ ಮಾತ್ರ ಉಳಿಸಿ. ಹೊಸ ವಾದ್ಯ ಹುಡುಕೋ ಮುಂಚೆ ಇಷ್ಟು ಮಾಡಿ ನೋಡಿ.

ಪ್ರಶ್ನೆ: ಮಾತು ಜಾಸ್ತಿ ಇರುವ ದೃಶ್ಯಕ್ಕೆ ಏನು ನುಡಿಸಬೇಕು?

ಉತ್ತರ: ಎಷ್ಟೋ ಸಲ ಏನೂ ಬೇಡ. ಬೇಕೇಬೇಕು ಅನ್ನಿಸಿದರೆ ಮಾತಿನ ಶ್ರುತಿಯ ಹತ್ತಿರ ಸುಳಿಯದ ತಗ್ಗು ಸ್ವರವೊಂದನ್ನು ಹಿಡಿದಿಡಿ, ಓಡಾಡುವ ಟ್ಯೂನ್ ಬೇಡ, ಅದು ಮಾತಿನ ಜೊತೆ ಜಗಳಕ್ಕೆ ನಿಲ್ಲುತ್ತದೆ. ಶುರು ಮಾಡೋದು ಒಬ್ಬರು ಮಾತು ನಿಲ್ಲಿಸಿ ಉಸಿರೆಳೆದುಕೊಂಡ ಜಾಗದಲ್ಲಿ, ಅಲ್ಲಿ ಸಂಗೀತ ಬಂದದ್ದೇ ಗೊತ್ತಾಗೋದಿಲ್ಲ.